ಹಸಿಗೋಡೆಗೆ ಒಂದು ಮಳೆಯ ಚಿತ್ರ: ಲೋಹದ ಮೇಲೆ ಅಚ್ಚು ಹಾಕಿಸಿದ ಒಂದು ಮನೆಯ ಪ್ರಕರಣ

ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಳಭಾಗದಲ್ಲಿ, ಅಡಿಕೆ ತೋಟದ ಮೇಲಂಚಿಗೆ. ಹೆಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಗೋಡೆಗೆ ಸುಣ್ಣದ ಗಾರೆ. ಜಗಲಿ ದಾಟಿದರೆ ನಡುಮನೆ. ಅಲ್ಲಿಗೆ ಬೆಳಕು ಬರುವುದು ಜಗಲಿಯ ಬಾಗಿಲಿನಿಂದ ಮತ್ತು ಮಾಡಿನಲ್ಲಿ ಕೂರಿಸಿದ ಒಂದು ಗಾಜಿನ ಹೆಂಚಿನಿಂದ ಮಾತ್ರ. ಮನೆಯಲ್ಲಿರುವವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು ಮತ್ತು ಅವರ ಹೆಂಡತಿ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಡುಮನೆಯ ದೊಡ್ಡ ಗೋಡೆಗೆ ಒಂದು ಒಳ್ಳೆಯ ಚಿತ್ರ ಬೇಕು, ಅದು ಮಳೆಗಾಲಕ್ಕೆ ಹಾಳಾಗಬಾರದು ಎಂಬುದು ಅವರ ಬೇಡಿಕೆ.

ಎರಡನೆಯ ಮಾತಿಗೆ ಕಾರಣವಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ನೆರಳಿನಲ್ಲೇ ಇರುವ ಈ ಮನೆಯಲ್ಲಿ ಆರಿದ್ರಾ ಹಿಡಿದು ಆಶ್ಲೇಷ ಮುಗಿಯುವವರೆಗೆ ಬಟ್ಟೆಯೂ ಒಣಗುವುದಿಲ್ಲ. ಗಾಳಿಯ ತೇವ ಶೇ. 70 ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಕಾಗದಕ್ಕೆ, ರಟ್ಟಿಗೆ, ಅಂಟಿಗೆ ಬೂಷ್ಟು ಬರುತ್ತದೆ. ಮೇಷ್ಟ್ರ ಮನೆಯಲ್ಲಿ ಹಿಂದೆ ಇದ್ದ ಎರಡು ಚಿತ್ರಗಳೂ ಹಾಗೇ ಹೋದವು. ಒಂದರ ಕಾಗದ ಗಾಜಿಗೇ ಅಂಟಿಕೊಂಡಿತ್ತು, ಇನ್ನೊಂದರ ಹಿಂದಿನ ರಟ್ಟನ್ನು ಬೆಳ್ಳಿಹುಳ ತಿಂದು ಜಾಲರಿ ಮಾಡಿತ್ತು. ಶಿವಮೊಗ್ಗದಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಕೆಲಸ ನನ್ನದು. ದಸರಾ ಹೊತ್ತಿಗೆ ನನ್ನ ಮೇಜಿಗೆ ಬರುವ ಕಟ್ಟುಗಳಲ್ಲಿ ಹೆಚ್ಚಿನವು ಇಂಥವೇ. ಹೀಗಾಗಿ "ಅಲ್ಯೂಮಿನಿಯಂ ಮೇಲೆ ಅಚ್ಚು ಹಾಕಿ ಕೊಡ್ತಾರಂತೆ, ಅದಾದ್ರೆ ಬೂಷ್ಟಿನ ಹಂಗಿಲ್ವಲ್ಲ ಮಾರಾಯ?" ಎಂದು ಮೇಷ್ಟ್ರು ಫೋನಿನಲ್ಲಿ ಕೇಳಿದಾಗ ನಾನು ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಅವರ ಜೊತೆ ನಿಂತು ಮಾಡಿಸಲು ಒಪ್ಪಿದೆ.

ಒಂದೇ ಹೆಸರಿನ ಮೂರು ಸರಕು

ಶಿವಮೊಗ್ಗದ ಅಂಗಡಿಗಳಲ್ಲಿ ವಿಚಾರಿಸಿದರೆ "ಮೆಟಲ್ ಪ್ರಿಂಟ್" ಎಂದು ಮೂರು ಬೇರೆ ಬೇರೆ ಸರಕನ್ನು ತೋರಿಸುತ್ತಾರೆ. ಬೆಲೆ ಏಕೆ ಅಷ್ಟು ವ್ಯತ್ಯಾಸ ಎಂದು ಮೇಷ್ಟ್ರು ಗೊಂದಲಗೊಂಡಿದ್ದು ಇಲ್ಲೇ.

ಮೊದಲನೆಯದು ಬೋರ್ಡ್ ಮಾಡುವ ಅಂಗಡಿಗಳದ್ದು. ವಿನೈಲ್ ಸ್ಟಿಕ್ಕರ್ ಮೇಲೆ ಚಿತ್ರ ಅಚ್ಚು ಹಾಕಿ ಅದನ್ನು ಎಸಿಪಿ ಶೀಟಿಗೆ ಅಂಟಿಸುತ್ತಾರೆ. ಎಸಿಪಿ ಎಂದರೆ ಅಂಗಡಿಗಳ ಮುಂಭಾಗಕ್ಕೆ ಹೊಡೆಯುವ ಹಲಗೆ. ಸಾಮಾನ್ಯವಾಗಿ 3 ಮಿ.ಮೀ. ದಪ್ಪ, ನಡುವೆ ಪ್ಲಾಸ್ಟಿಕ್, ಎರಡೂ ಮೈಗೆ ತೆಳು ಅಲ್ಯೂಮಿನಿಯಂ ಹಾಳೆ. ಇದರಲ್ಲಿ ಲೋಹಕ್ಕೂ ಚಿತ್ರಕ್ಕೂ ಸಂಬಂಧವೇ ಇಲ್ಲ, ನಡುವೆ ಅಂಟು ಇದೆ. ಮಲೆನಾಡಿನ ಮಳೆಗಾಲದಲ್ಲಿ ಮೊದಲು ಸೋಲುವುದು ಅಂಟು. ಅಂಚಿನಿಂದ ಸ್ಟಿಕ್ಕರ್ ಏಳುತ್ತದೆ, ಒಳಗೆ ಗುಳ್ಳೆ ಬರುತ್ತದೆ. ಅಂಗಡಿಯ ಬೋರ್ಡಿಗೆ ಇದು ಸಾಕು. ವರ್ಷಗಟ್ಟಲೆ ದಿನಾ ನೋಡಬೇಕಾದ ಚಿತ್ರಕ್ಕೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಯುವಿ ಪ್ರಿಂಟ್. ಹಲಗೆಯನ್ನೇ ಯಂತ್ರದ ಕೆಳಗೆ ಮಲಗಿಸಿ ನೇರವಾಗಿ ಶಾಯಿ ಸಿಂಪಡಿಸುತ್ತಾರೆ, ಅತಿನೇರಳೆ ಬೆಳಕು ಆ ಶಾಯಿಯನ್ನು ಅಲ್ಲೇ ಗಟ್ಟಿ ಮಾಡುತ್ತದೆ. ಅಂಟಿಲ್ಲ, ನೀರಿಗೆ ಹೆದರಬೇಕಿಲ್ಲ. ಆದರೆ ಬಣ್ಣ ಮೇಲ್ಮೈ ಮೇಲೆ ಕೂತಿರುತ್ತದೆ. ಬೆರಳಾಡಿಸಿದರೆ ತರಿ ಸಿಗುತ್ತದೆ, ಚೂಪಾದದ್ದು ತಾಗಿದರೆ ಎದ್ದು ಬರುತ್ತದೆ.

ಮೂರನೆಯದು ಸಬ್ಲಿಮೇಷನ್. ಮಗ್ ಮೇಲೆ, ಟೀ ಶರ್ಟ್ ಮೇಲೆ ಫೋಟೋ ಹಾಕಿಕೊಡುವವರು ಬಳಸುವ ವಿಧಾನವೇ ಇದು. ಚಿತ್ರವನ್ನು ಎಡಬಲ ತಿರುಗಿಸಿ ವಿಶೇಷ ಕಾಗದದ ಮೇಲೆ ಅಚ್ಚು ಹಾಕುತ್ತಾರೆ. ಅಲ್ಯೂಮಿನಿಯಂ ಹಾಳೆಗೆ ಮೊದಲೇ ಪಾಲಿಯೆಸ್ಟರ್ ಲೇಪವಿರುತ್ತದೆ. ಎರಡನ್ನೂ ಒತ್ತಿ ಹಿಡಿದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಕೊಟ್ಟರೆ ಕಾಗದದಲ್ಲಿದ್ದ ಬಣ್ಣ ದ್ರವವಾಗದೆ ನೇರ ಆವಿಯಾಗಿ ಲೇಪದೊಳಗೆ ಇಳಿಯುತ್ತದೆ. ತಣ್ಣಗಾದ ಮೇಲೆ ಬಣ್ಣ ಲೇಪದ ಒಳಗೇ ಸಿಕ್ಕಿಕೊಂಡಿರುತ್ತದೆ. ಉಗುರಿನಿಂದ ಕೆರೆದರೂ ಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ದೌರ್ಬಲ್ಯ ಒಂದೇ: ನೇರ ಬಿಸಿಲು ಬೀಳುವ ಕಡೆ ಈ ಬಣ್ಣ ಕಾಲಕ್ರಮೇಣ ಮಾಸುತ್ತದೆ. ಮೇಷ್ಟ್ರ ನಡುಮನೆಗೆ ಬಿಸಿಲು ಬೀಳುವುದು ಗಾಜಿನ ಹೆಂಚಿನಿಂದ, ಅದೂ ಎದುರಿನ ಗೋಡೆಗೆ.

ಬೆಲೆಯಲ್ಲಿ ಸಬ್ಲಿಮೇಷನ್ ಸ್ಟಿಕ್ಕರಿಗಿಂತ ಮೂರು ಪಟ್ಟು ದುಬಾರಿಯಾಗಿತ್ತು. ಆದರೂ ಅದನ್ನೇ ಆರಿಸಿದೆವು. ಇದರಲ್ಲೂ ಒಂದು ಎಚ್ಚರ ಬೇಕು. ಸ್ಮರಣಿಕೆ, ನಾಮಫಲಕಗಳಿಗೆ ಬಳಸುವ ಅರ್ಧ ಮಿಲಿಮೀಟರ್ ದಪ್ಪದ ತಗಡನ್ನೇ ದೊಡ್ಡದಾಗಿ ಕತ್ತರಿಸಿ ಕೊಡುವವರಿದ್ದಾರೆ. ಕೈಯಲ್ಲಿ ಹಿಡಿದರೆ ಅಲುಗುತ್ತದೆ, ಒಮ್ಮೆ ಬಾಗಿದರೆ ಆ ಗುರುತು ಹೋಗುವುದಿಲ್ಲ. ಚಿತ್ರಗಳಿಗೆಂದೇ ತಯಾರಾಗುವ ಹಾಳೆ ಸಾಮಾನ್ಯವಾಗಿ 1.14 ಮಿ.ಮೀ. ದಪ್ಪ. 16×24 ಇಂಚಿನ ಅಂಥ ಹಾಳೆ ಮುಕ್ಕಾಲು ಕಿಲೋ ತೂಗುತ್ತದೆ. ಅದೇ ಅಳತೆಗೆ ಕಟ್ಟು ಹಾಕುವ 2 ಮಿ.ಮೀ. ಗಾಜೊಂದೇ ಒಂದೂಕಾಲು ಕಿಲೋ ಆಗುತ್ತದೆ. ಹಳೆಯ ಸುಣ್ಣದ ಗೋಡೆಗೆ ಈ ವ್ಯತ್ಯಾಸ ಸಣ್ಣದಲ್ಲ. ಈ ದಪ್ಪದ ಹಾಳೆಗೆ ಒಳ್ಳೆಯ ಒತ್ತುಯಂತ್ರ ಇರುವ ಬೆಂಗಳೂರಿನ ಒಂದು ಕಡೆ ಮಾಡಿಸುವುದೆಂದು ತೀರ್ಮಾನವಾಯಿತು.

ಯಾವ ಚಿತ್ರ?

ಇಡೀ ಪ್ರಕರಣದಲ್ಲಿ ಹೆಚ್ಚು ಮಾತುಕತೆ ನಡೆದದ್ದು ಇದರ ಬಗ್ಗೆ, ನನಗೆ ಅತ್ಯಂತ ಮುಖ್ಯವೆನಿಸುವುದೂ ಇದೇ.

ಮೇಷ್ಟ್ರ ಹೆಂಡತಿಗೆ ಬೇಕಿದ್ದದ್ದು ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬಂದವರೆಲ್ಲ ನೆನಪಿಟ್ಟುಕೊಂಡಿರುವ ಚಿತ್ರ ಅದು. ಒಂದು ಅಂಗಡಿಯವರು "ರವಿವರ್ಮನದ್ದು, ನಮ್ಮಲ್ಲಿ ರೆಡಿ ಇದೆ" ಎಂದು ಮೊಬೈಲಿನಲ್ಲೇ ತೋರಿಸಿದರು. ಅದು ರವಿವರ್ಮನದ್ದಲ್ಲ. ಬರೆದವರು ಎಸ್. ಎಲ್. ಹಳದಣಕರ್, 1940ರ ದಶಕದಲ್ಲಿ, ಜಲವರ್ಣದಲ್ಲಿ. ಆ ಕೈಬೆರಳುಗಳ ನಡುವಿನ ಕೆಂಪು ಬೆಳಕು ನೋಡಿ ತೈಲವರ್ಣವೆಂದೇ ಬಹಳ ಜನ ತಿಳಿಯುತ್ತಾರೆ. ಯಾರ ಚಿತ್ರ ಎಂಬುದು ಬರೀ ಗೌರವದ ಪ್ರಶ್ನೆಯಲ್ಲ, ಕೊಳ್ಳುವವರ ಪ್ರಶ್ನೆಯೂ ಹೌದು. ಭಾರತದಲ್ಲಿ ಕಲಾವಿದ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವನ ಚಿತ್ರಗಳು ಎಂದೋ ಎಲ್ಲರ ಸ್ವತ್ತಾಗಿವೆ. ಹಳದಣಕರ್ ತೀರಿಕೊಂಡದ್ದು 1968ರಲ್ಲಿ. ಅವರ ಚಿತ್ರಗಳ ಹಕ್ಕು 2028ರ ಕೊನೆಯವರೆಗೆ ವಾರಸುದಾರರದ್ದು. ನಮ್ಮ ಕೆ. ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಅವರ ಚಿತ್ರಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರುವಂತೆಯೇ ಇಲ್ಲ. ಅಂಗಡಿಯವರ ಬಳಿ ಇದ್ದ ದೀಪದ ಚಿತ್ರದ ಕಡತವೋ (ಕಂಪ್ಯೂಟರ್ ಫೈಲು), ಎಲ್ಲಿಂದಲೋ ಇಳಿಸಿಕೊಂಡ ಸಣ್ಣ ಫೋಟೋ. ದೊಡ್ಡದು ಮಾಡಿದರೆ ಮುಖದ ಮೇಲಿನ ಬೆಳಕೆಲ್ಲ ಚೌಕ ಚೌಕ ಒಡೆಯುತ್ತಿತ್ತು. ಇದನ್ನೆಲ್ಲ ಹೇಳಿದ ಮೇಲೆ ಮೇಷ್ಟ್ರ ಮನೆಯ ಅಮ್ಮ ತಾವಾಗಿಯೇ "ಬೇಡ ಬಿಡು, ಮೈಸೂರಿಗೆ ಹೋದಾಗ ಅಸಲನ್ನೇ ನೋಡಿ ಬಂದರಾಯ್ತು" ಎಂದರು.

ಮೇಷ್ಟ್ರು ಹಸೆ ಚಿತ್ತಾರ ಹಾಕಿಸೋಣವೇ ಎಂದರು. ಅದಕ್ಕೆ ನಾನು ಖಡಾಖಂಡಿತ ಬೇಡವೆಂದೆ. ಸಾಗರದ ಸುತ್ತ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಹಿಡಿದು ಎಳೆಯುವ ಗೆರೆ ಅದು. ಬರೆಯುವವರು ನಮ್ಮ ಜಿಲ್ಲೆಯಲ್ಲೇ ಇರುವಾಗ ಅದರ ಫೋಟೋ ತೆಗೆದು ಬೆಂಗಳೂರಿನಲ್ಲಿ ಅಚ್ಚು ಹಾಕಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಚಿತ್ತಾರ ಬೇಕಾದರೆ ಅವರನ್ನೇ ಕರೆಸಿ ಗೋಡೆಗೇ ಬರೆಸಬೇಕು, ಕೂಲಿ ಅವರ ಕೈಗೇ ಸೇರಬೇಕು. ಪ್ರತಿಕೃತಿ ಕೊಳ್ಳುವುದು ಅಸಲು ನಮ್ಮ ಕೈಗೆ ಎಂದೂ ಸಿಗದ ಚಿತ್ರಗಳಿಗೆ.

ಅಷ್ಟರಲ್ಲಿ ಮಗಳು ವಾಟ್ಸ್ಆ್ಯಪಿನಲ್ಲಿ ಒಂದು ಚಿತ್ರ ಕಳಿಸಿದಳು: ಸೇತುವೆಯ ಮೇಲೆ ಮಳೆ, ವ್ಯಾನ್ ಗೋ 1887ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದದ್ದು. ಮೇಷ್ಟ್ರಿಗೆ ನೋಡಿದ ಕೂಡಲೇ ಹಿಡಿಸಿತು. ಆದರೆ ಅದು ಇನ್ನೊಂದು ಚಿತ್ರದ ನಕಲು. ಮೂಲ ಜಪಾನಿನ ಹಿರೋಶಿಗೆಯದ್ದು; ಈಗಿನ ಟೋಕಿಯೊ, ಅಂದಿನ ಎದೋ ನಗರದ ನೂರು ನೋಟಗಳ ಮಾಲೆಯಲ್ಲಿ 1857ರಲ್ಲಿ ಬಂದ ಮರದಚ್ಚಿನ ಚಿತ್ರ, ಅಂದರೆ ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ್ದು. ಸೇತುವೆಯ ಮೇಲೆ ದಿಢೀರನೆ ಮಳೆ ಹಿಡಿದಿದೆ. ಕೆಲವರು ಕೊಡೆಯಡಿ ಮುದುಡಿದ್ದಾರೆ, ಕೆಲವರು ಚಾಪೆಯಂಥದ್ದನ್ನು ತಲೆಗೆ ಹೊದ್ದು ಓಡುತ್ತಿದ್ದಾರೆ. ಕೆಳಗೆ ನದಿಯಲ್ಲಿ ಹುಲ್ಲಿನ ಮೇಲುಹೊದಿಕೆ ತೊಟ್ಟ ಒಬ್ಬ ಮನುಷ್ಯ ತೆಪ್ಪ ತಳ್ಳುತ್ತಾ ಒಂಟಿಯಾಗಿ ಹೋಗುತ್ತಿದ್ದಾನೆ. ಮೂಲವನ್ನು ತೋರಿಸಿದ ಕೂಡಲೇ ಅಮ್ಮ ಹೇಳಿದ್ದು: "ಓ, ಇವ ಗೊರಬು ಹಾಕಿಕೊಂಡಿದಾನಲ್ಲ!" ನಾಟಿಯ ಕಾಲದಲ್ಲಿ ಮಳೆಗೆ ಹೊದೆಯುವ ಗೊರಬು, ಕಂಬಳಿಕೊಪ್ಪೆ ಕಂಡ ಕಣ್ಣು ಅವರದ್ದು. ಚಿತ್ರ ಆಗಲೇ ಆಯ್ಕೆಯಾಗಿತ್ತು.

ಎರಡರಲ್ಲಿ ಹಿರೋಶಿಗೆಯದ್ದೇ ಲೋಹಕ್ಕೆ ಸರಿ ಎಂದು ನಾನು ಒತ್ತಾಯಿಸಿದ್ದಕ್ಕೆ ಬೇರೆ ಕಾರಣವಿದೆ. ವ್ಯಾನ್ ಗೋನ ತೈಲವರ್ಣದಲ್ಲಿ ಬಣ್ಣ ದಪ್ಪಗೆ ಎದ್ದು ನಿಂತಿರುತ್ತದೆ, ಕುಂಚ ಹೋದ ದಾರಿ ಕೈಗೆ ಸಿಗುವಷ್ಟು ಉಬ್ಬಿರುತ್ತದೆ. ಕನ್ನಡಿಯಂತೆ ನುಣುಪಾದ ಲೋಹದ ಮೇಲೆ ಆ ಉಬ್ಬು ಪೂರ್ತಿ ಸತ್ತುಹೋಗುತ್ತದೆ. ಉಬ್ಬಿನ ಫೋಟೋ ಮಾತ್ರ ಉಳಿಯುತ್ತದೆ. ಮರದಚ್ಚಿನ ಚಿತ್ರ ಹುಟ್ಟಿನಿಂದಲೇ ಚಪ್ಪಟೆ. ಸಮನಾದ ಬಣ್ಣದ ಹರಹು, ಸ್ಪಷ್ಟ ಗೆರೆ. ಅದು ಲೋಹಕ್ಕೆ ಬಂದರೆ ಕಳೆದುಕೊಳ್ಳುವುದು ಕಾಗದದ ನಾರಿನ ಮೃದುತ್ವವನ್ನಷ್ಟೇ. ಲೋಹದ ಮೇಲೆ ಪ್ರತಿಕೃತಿ ಮಾಡಿಸುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಮರದಚ್ಚು, ಹಳೆಯ ನಕ್ಷೆ, ಸಸ್ಯಗಳ ರೇಖಾಚಿತ್ರ, ಪೋಸ್ಟರ್, ಫೋಟೋ ಇವು ಲೋಹಕ್ಕೆ ಒಗ್ಗುತ್ತವೆ. ದಪ್ಪ ಬಣ್ಣದ ತೈಲಚಿತ್ರ ಒಗ್ಗುವುದಿಲ್ಲ. ಮೈಸೂರು ಶೈಲಿಯ ಚಿತ್ರದ ಚಿನ್ನದ ರೇಕು ಕೂಡ ಒಗ್ಗುವುದಿಲ್ಲ, ಅಲ್ಲಿ ಹೊಳಪು ಬರಬೇಕಾದದ್ದು ಗೆಸ್ಸೋ ಎಂಬ ಬಿಳಿ ಲೇಪದ ಉಬ್ಬಿನ ಮೇಲಿನ ಚಿನ್ನದಿಂದ.

ಕಡತ ಮತ್ತು ಅಳತೆ

ಹಿರೋಶಿಗೆ ತೀರಿಕೊಂಡದ್ದು 1858ರಲ್ಲಿ, ಹಕ್ಕಿನ ತೊಡಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಿಂದ ಇಂಥ ಹಳೆಯ ಕೃತಿಗಳ ದೊಡ್ಡ ಕಡತಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲು ಉಚಿತವಾಗಿ ಬಿಟ್ಟಿದೆ. ಇನ್ನೂ ಹಲವು ಸಂಗ್ರಹಾಲಯಗಳು ಹಾಗೆ ಮಾಡಿವೆ. ಒಂದೇ ಚಿತ್ರದ ಬೇರೆ ಬೇರೆ ಪ್ರತಿಗಳು ಬೇರೆ ಬೇರೆ ಕಡೆ ಇರುವುದರಿಂದ ಬಣ್ಣವೂ ಒಂದೇ ಇರುವುದಿಲ್ಲ. ಮೇಲಿನ ಕಪ್ಪು ಮೋಡ ಒಂದರಲ್ಲಿ ದಟ್ಟ, ಇನ್ನೊಂದರಲ್ಲಿ ತೆಳು. ಮಗಳು ಕೂತು ಹೋಲಿಸಿ ನದಿಯ ನೀಲಿ ಚೆನ್ನಾಗಿ ಉಳಿದಿದ್ದ ಒಂದನ್ನು ಆರಿಸಿದಳು. ಉದ್ದದ ಬದಿಗೆ ಸುಮಾರು 4,000 ಪಿಕ್ಸೆಲ್ ಇತ್ತು.

ಮೇಷ್ಟ್ರಿಗೆ 24×36 ಇಂಚು ಬೇಕಿತ್ತು. ಲೆಕ್ಕ ಹಾಕಿದರೆ 36 ಇಂಚಿಗೆ 4,000 ಪಿಕ್ಸೆಲ್ ಹಂಚಿದಾಗ ಇಂಚಿಗೆ 111 ಬೀಳುತ್ತದೆ. ದೂರದಿಂದ ನೋಡುವ ಭೂದೃಶ್ಯಕ್ಕೆ ಅದು ನಡೆದೀತು. ಈ ಚಿತ್ರದ ಪ್ರಾಣ ಇರುವುದು ಮಳೆಯ ಗೆರೆಗಳಲ್ಲಿ. ಕೂದಲೆಳೆಯಷ್ಟು ಸಣ್ಣ, ಸ್ವಲ್ಪ ಬೇರೆ ಬೇರೆ ವಾಲಿನಲ್ಲಿ ಒಂದರ ಮೇಲೊಂದು ಹಾಯುವ ಗೆರೆಗಳು. ಅವನ್ನು ನೋಡಲು ಜನ ಹತ್ತಿರ ಬಂದೇ ಬರುತ್ತಾರೆ. 24 ಇಂಚು ಎತ್ತರಕ್ಕೆ ಇಳಿಸಿದರೆ ಇಂಚಿಗೆ 166 ಸಿಗುತ್ತದೆ. ಮೂಲ ಚಿತ್ರವೇ ಸುಮಾರು 34 ಸೆಂ.ಮೀ. ಎತ್ತರದ್ದು, ಹಾಗಾಗಿ 24 ಇಂಚು ಅಂದರೂ ಅಸಲಿನ ಎರಡು ಪಟ್ಟಿಗೆ ಹತ್ತಿರವೇ. ಮೇಷ್ಟ್ರು ಗೋಡೆಗೆ ಹಳೆಯ ಪೇಪರ್ ಅಂಟಿಸಿ ಎರಡೂ ಅಳತೆ ನೋಡಿದರು, ಚಿಕ್ಕದನ್ನು ಒಪ್ಪಿದರು.

ಇನ್ನೊಂದು ತಕರಾರು ಅಚ್ಚಿನವರಿಂದ ಬಂತು. ಅವರ ಹಾಳೆ 16×24. ಚಿತ್ರದ ಅಗಲ ಎತ್ತರದ ಪ್ರಮಾಣ ಅದಕ್ಕೆ ಸರಿಯಾಗಿ ಕೂರುವುದಿಲ್ಲ, ಅಂಚು ಸ್ವಲ್ಪ ಕತ್ತರಿಸುತ್ತೇವೆ ಎಂದರು. ಬಲಮೇಲೆ ಮಾಲೆಯ ಹೆಸರಿದೆ, ಎಡಗೆಳಗೆ ಕಲಾವಿದನ ರುಜು ಇದೆ. ಕತ್ತರಿ ಹೋಗುವುದು ಅಲ್ಲಿಗೇ. ಕತ್ತರಿಸಬೇಡಿ, ಬೇಕಾದಲ್ಲಿ ಕಾಗದದ ಬಣ್ಣದ ಅಂಚು ಬಿಡಿ ಎಂದು ಬರೆದು ಕಳಿಸಿದೆವು.

ಮಿರುಗೋ, ಮಂಕೋ?

ಲೇಪದಲ್ಲಿ ಮಿರುಗುವ ಬಿಳಿ, ಮಂಕು ಬಿಳಿ, ಬಿಳಿಯೇ ಇಲ್ಲದೆ ಲೋಹ ಕಾಣುವ ಪಾರದರ್ಶಕ ಹೀಗೆ ಬಗೆಗಳಿವೆ. ಅಂಗಡಿಗಳಲ್ಲಿ ತೋರಿಸುವುದು ಮಿರುಗುವುದನ್ನೇ, ಏಕೆಂದರೆ ದೀಪದಡಿ ಅದು ಕಣ್ಣು ಕುಕ್ಕುತ್ತದೆ. ಮೇಷ್ಟ್ರ ನಡುಮನೆಯಲ್ಲಿ ಚಿತ್ರದ ಎದುರಿಗೇ ಜಗಲಿಯ ಬಾಗಿಲು. ಮಿರುಗುವ ಹಾಳೆ ಹಾಕಿದ್ದರೆ ಹಗಲೆಲ್ಲ ಅದರಲ್ಲಿ ಅಂಗಳವೇ ಕಾಣುತ್ತಿತ್ತು. ಪಾರದರ್ಶಕ ಲೇಪದಲ್ಲಿ ಬಿಳಿ ಇರಬೇಕಾದ ಜಾಗವೆಲ್ಲ ತಗಡಿನ ಬೂದಿಯಾಗುತ್ತದೆ. ಹಳೆಯ ಕಾಗದದ ಹದವಾದ ಹಳದಿಯ ಮೇಲೆ ನಿಂತ ಚಿತ್ರಕ್ಕೆ ಅದು ಸಲ್ಲ. ಮಂಕು ಬಿಳಿಯನ್ನು ಆರಿಸಿದೆವು. ಅದರಲ್ಲಿ ಕಪ್ಪು ಸ್ವಲ್ಪ ತೆಳುವಾಗುತ್ತದೆ, ಮೋಡದ ದಟ್ಟತನ ಒಂದು ಗುಲಗಂಜಿ ಕಡಿಮೆಯಾಗುತ್ತದೆ. ಆ ಮನೆಯ ಬೆಳಕಿಗೆ ಅದು ಒಪ್ಪುವ ನಷ್ಟ.

ಪೂರ್ತಿ ಅಳತೆಯಲ್ಲಿ ಒತ್ತುವ ಮೊದಲು ಅದೇ ಹಾಳೆಯ ತುಂಡಿನ ಮೇಲೆ ಮಾದರಿ ತರಿಸಿಕೊಂಡದ್ದು ಪ್ರಯೋಜನಕ್ಕೆ ಬಂತು. ಮೊದಲ ಮಾದರಿಯಲ್ಲಿ ನದಿಯ ನೀಲಿ ನೇರಳೆಗೆ ತಿರುಗಿತ್ತು. ಸಬ್ಲಿಮೇಷನ್ ಶಾಯಿಯಲ್ಲಿ ನೀಲಿ ಹೀಗೆ ಜಾರುವುದು ಸಾಮಾನ್ಯ. ಯಂತ್ರ, ಶಾಯಿ, ಹಾಳೆ ಮೂರಕ್ಕೂ ಹೊಂದುವ ಬಣ್ಣದ ಪ್ರೊಫೈಲ್ (ಬಣ್ಣ ತಿದ್ದಿ ಹೊಂದಿಸುವ ಕಡತ) ಹಾಕಿದರೆ ಸರಿಹೋಗುತ್ತದೆ. ಎರಡನೆಯ ಮಾದರಿಯನ್ನು ಮೇಷ್ಟ್ರು ನಡುಮನೆಯ ಗೋಡೆಗೇ ಹಿಡಿದು ಬೆಳಿಗ್ಗೆ, ಸಂಜೆ ನೋಡಿ ಒಪ್ಪಿಗೆ ಕೊಟ್ಟರು. ಫೋನಿನ ಪರದೆಯಲ್ಲಿ ನೋಡಿ ಬಣ್ಣ ತೀರ್ಮಾನಿಸಬಾರದು, ಅದು ಹಿಂದಿನಿಂದ ಬೆಳಕು ಬರುವ ಚಿತ್ರ.

ಹಿಂದುಗಡೆ

ಹಾಳೆ ಬಂತು, ಮುಂದೆ ಎಲ್ಲ ಚೆನ್ನಾಗಿತ್ತು. ತಿರುಗಿಸಿದರೆ ಹಿಂದೆ ಎಂಡಿಎಫ್ ಚೌಕಟ್ಟು ಅಂಟಿಸಿದ್ದರು. ಇದನ್ನು ಬಹಳ ಕಡೆ ಮಾಡುತ್ತಾರೆ, ಒಣ ಊರುಗಳಲ್ಲಿ ನಡೆಯುತ್ತದೆ. ಎಂಡಿಎಫ್ ಎಂದರೆ ಮರದ ಸಣ್ಣ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮಲೆನಾಡಿನ ತೇವಕ್ಕೆ ಅದು ನೀರು ಕುಡಿದು ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಒರಲೆಗೂ ಇಷ್ಟ. ಮುಂದೆ ಲೋಹ, ಹಿಂದೆ ಮರದ ನಾರು ಇಟ್ಟರೆ ಲೋಹಕ್ಕೆ ಕೊಟ್ಟ ದುಡ್ಡಿಗೆ ಅರ್ಥವಿಲ್ಲ. ಕಳಿಸಿದವರು ಮರುಮಾತಿಲ್ಲದೆ ಅಲ್ಯೂಮಿನಿಯಂ ಚಾನೆಲ್ (ಚೌಕಟ್ಟಿಗೆ ಬಳಸುವ ಲೋಹದ ಪಟ್ಟಿ) ಕಳಿಸಿಕೊಟ್ಟರು, ಹಳೆಯದನ್ನು ಬಿಡಿಸಿ ನಾನೇ ಹಾಕಿದೆ. ಆರ್ಡರ್ ಕೊಡುವಾಗಲೇ "ಹಿಂದೆ ಏನು ಹಾಕುತ್ತೀರಿ?" ಎಂದು ಕೇಳಿ ಬರೆಸಿಕೊಳ್ಳುವುದನ್ನು ನಮ್ಮ ಸೀಮೆಯವರು ಬಿಡಬಾರದು.

ಗೋಡೆಯ ವಿಷಯ ಇನ್ನೊಂದು. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅರ್ಧ ನಿಜ. ಹಸಿ ಸುಣ್ಣ, ಹಸಿ ಸಿಮೆಂಟು ಕ್ಷಾರ. ಅವು ತಾಗಿಕೊಂಡರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಪ್ರತಿವರ್ಷ ಸುಣ್ಣ ಬಳಿಯುವ, ಮಳೆಗಾಲದಲ್ಲಿ ಬೆವರುವ ಗೋಡೆಗೆ ಹಾಳೆ ಎಲ್ಲೂ ತಾಗಬಾರದು. ಚಾನೆಲ್‌ನಿಂದ ಅರ್ಧ ಇಂಚಿನ ಅಂತರ ಸಿಕ್ಕಿತು. ಚಾನೆಲ್ ಗೋಡೆಗೆ ಕೂರುವಲ್ಲಿ ರಬ್ಬರ್ ಬುಶ್ ಹಾಕಿದೆ, ಮೊಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿದೆ. ಅಂಟುಪಟ್ಟಿ, ಅಯಸ್ಕಾಂತದಿಂದ ನಿಲ್ಲಿಸುವ ಉಕ್ಕಿನ ತಗಡಿನ ಪೋಸ್ಟರುಗಳೂ ಸಿಗುತ್ತವೆ. ಸುಣ್ಣದ ಗೋಡೆಯಲ್ಲಿ ಅಂಟುಪಟ್ಟಿ ಸುಣ್ಣದ ಪದರವನ್ನೇ ಕಿತ್ತುಕೊಂಡು ಬೀಳುತ್ತದೆ.

ಗೋಡೆಯ ಕೆಳಭಾಗದಲ್ಲಿ ಮೊಣಕಾಲೆತ್ತರದವರೆಗೆ ನೆಲದ ಹಸಿ ಏರುತ್ತದೆ. ಹಾಳೆಯನ್ನು ಅದಕ್ಕಿಂತ ಬಹಳ ಮೇಲೆ, ಕೂತವರ ಕಣ್ಣಿನ ಮಟ್ಟಕ್ಕೆ ಹಾಕಿದೆವು. ಆಚೆ ದೇವರಕೋಣೆಯ ದೀಪದ ಮಸಿ ತಾಗದಷ್ಟು ದೂರವೂ ಸಿಕ್ಕಿತು.

ಒಂದು ಮಳೆಗಾಲದ ನಂತರ

ದೀಪಾವಳಿ ಹತ್ತಿರ ಬಂದಾಗ ಹೋಗಿ ಇಳಿಸಿ ನೋಡಿದೆ. ಮುಂಭಾಗದ ಮೇಲೆ ತೆಳ್ಳಗೆ ಧೂಳು, ಅದರಲ್ಲಿ ಅಲ್ಲಲ್ಲಿ ಬೂಷ್ಟಿನ ಮಬ್ಬು ಇತ್ತು. ಬೂಷ್ಟು ತಿನ್ನುತ್ತಿದ್ದದ್ದು ಧೂಳನ್ನು, ಚಿತ್ರವನ್ನಲ್ಲ. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಗೆ ಪೂರ್ತಿ ಬಂತು. ಒರಟು ಬ್ರಷ್, ಪಾತ್ರೆ ತಿಕ್ಕುವ ಪುಡಿ ತಾಗಿಸಬಾರದೆಂದು ಅಮ್ಮನಿಗೆ ಹೇಳಿದ್ದೆ, ತಾಗಿಸಿರಲಿಲ್ಲ. ನೀಲಿ ಮಾಸಿಲ್ಲ, ಗೆರೆಗಳು ಹಾಗೆಯೇ ಇವೆ. ಸ್ಕ್ರೂಗಳಿಗೆ ತುಕ್ಕು ಬಂದಿಲ್ಲ. ಹಾಳೆಯ ಹಿಂದಿನ ಗೋಡೆ ಉಳಿದ ಗೋಡೆಯಷ್ಟೇ ಒಣಗಿತ್ತು, ಅಂದರೆ ಅರ್ಧ ಇಂಚಿನ ಸಂದಿಯಲ್ಲಿ ಗಾಳಿ ಆಡಿದೆ.

ಅದೇ ಗೋಡೆಯಲ್ಲಿ, ಒಂದು ಮೊಳ ಆಚೆ, ಮೇಷ್ಟ್ರ ಮದುವೆಯ ಕಪ್ಪುಬಿಳುಪು ಫೋಟೋ ಇದೆ. ಗೋಡೆಗೆ ಒತ್ತಿಕೊಂಡಿದ್ದ ಅದರ ಹಿಂದಿನ ರಟ್ಟು ಈ ಸಲವೂ ಹಸಿಯಾಗಿತ್ತು. ಫೋಟೋ ಅಸಲು, ಅದಕ್ಕೆ ಕಾಗದವೇ ಮೈ. ಕಟ್ಟು ಬಿಚ್ಚಿ ನೆರಳಿನಲ್ಲಿ ಒಣಗಿಸಿದೆ. ಗಾಜಿಗೆ ತಾಗದಂತೆ ಸುತ್ತ ಮೌಂಟ್ (ರಟ್ಟಿನ ಅಂಚು) ಕೊಟ್ಟೆ, ಹೊಸ ರಟ್ಟು ಹಾಕಿ, ನಾಲ್ಕು ಮೂಲೆಗೂ ರಬ್ಬರ್ ಬುಶ್ ಕೂರಿಸಿ ಗೋಡೆಯಿಂದ ಅರ್ಧ ಇಂಚು ಮುಂದಕ್ಕೆ ನಿಲ್ಲುವಂತೆ ಮಾಡಿ ಕೊಟ್ಟಿದ್ದೇನೆ.